ಅಂದಾಜಿಗೆ ಬಿಡಬೇಡಿ: ಹೆರಿಗೆ ವಾರ್ಡಿನ ಪಾಠಗಳು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೆರಿಗೆ ವಾರ್ಡುಗಳಲ್ಲಿ ದುಡಿಯುತ್ತಲೇ ಸಂಶೋಧನೆಗೂ ಇಳಿದವಳು ನಾನು. ಹೊಸದಾಗಿ ಬರುವ ಪಿ.ಜಿ. ವಿದ್ಯಾರ್ಥಿಗಳು 'ಥೀಸಿಸ್‌ಗೆ ಏನು ತಗೊಳ್ಳಲಿ ಮೇಡಂ?' ಎಂದು ಕೇಳಿದಾಗ ಅವರಿಗೆ ಹೇಳುವ ಮಾತುಗಳಿವು.

1. ರಕ್ತವನ್ನು ಕಣ್ಣಳತೆಗೆ ಬಿಡಬೇಡಿ
ಹೆರಿಗೆಯಾದ ಮೇಲೆ 500 ಮಿ.ಲೀ. ರಕ್ತ ಹೋಯಿತೆಂದರೆ ಅದು ಅತಿಸ್ರಾವ. ಆದರೆ ಬಟ್ಟೆ, ಹತ್ತಿ, ನೆಲ ಎಲ್ಲ ಕಡೆ ಹರಡಿದ ರಕ್ತ ಎಷ್ಟೆಂದು ನೋಡಿ ಹೇಳುವುದು ಪಳಗಿದವರಿಗೂ ಆಗದು. ಇದನ್ನು ಲೆಕ್ಕಸಮೇತ ತೋರಿಸಿದವರಲ್ಲಿ ನಮ್ಮ ಬೆಳಗಾವಿಯವರೂ ಇದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿ ರಕ್ತ ಹಿಡಿದರು. ಕಣ್ಣಂದಾಜು ಅದಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಬಂತು. ಅದೇ ಚೀಲ ಬಳಸಿ ಆ ಜಿಲ್ಲೆಯ ಹಳ್ಳಿಗಳ 1,620 ಹೆಂಗಸರಲ್ಲಿ ಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಅತಿಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿದಿತ್ತು. ಮಾತ್ರೆ ಕೊಟ್ಟವರು ಹಳ್ಳಿಯ ನರ್ಸಮ್ಮಂದಿರು. ಇದು ನನಗೆ ಬಹಳ ದೊಡ್ಡ ಸಂಗತಿ. ಆಫ್ರಿಕದ ನಾಲ್ಕು ದೇಶಗಳಲ್ಲಿ ಇಂಥದೇ ಚೀಲದ ಜೊತೆಗೆ ಗರ್ಭಕೋಶದ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್ ಎಲ್ಲವನ್ನೂ ಒಟ್ಟಿಗೇ ಶುರುಮಾಡಿದಾಗ ತೀವ್ರ ಸ್ರಾವದ ಅಪಾಯ ಶೇ. 60ರಷ್ಟು ತಗ್ಗಿತೆಂದು 2023ರಲ್ಲಿ ವರದಿಯಾಯಿತು. ಮಳವಳ್ಳಿಯ ಮೂಲೆಯ ಹಳ್ಳಿಯಿಂದ ಮಂಡ್ಯಕ್ಕೆ ಆಂಬುಲೆನ್ಸ್ ಓಡುವ ಹೊತ್ತಿದೆಯಲ್ಲ, ತಾಯಿ ಉಳಿಯುವುದೋ ಹೋಗುವುದೋ ಎಂಬುದು ಅಷ್ಟರಲ್ಲೇ ತೀರ್ಮಾನವಾಗಬಹುದು. ಚೀಲವಿದ್ದರೆ ಎಷ್ಟು ರಕ್ತ ಹೋಗಿದೆಯೆಂದು ಹೊರಡುವ ಮೊದಲೇ ಗೊತ್ತಾಗುತ್ತದೆ.

2. ರಿಜಿಸ್ಟರನ್ನು ಪೂರ್ತಿ ಬರೆಯಿರಿ
ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ (ಜನ ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ) 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಆ ಪುಸ್ತಕ ಹಿಡಿದು 517 ಜನರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಹೆಚ್ಚೆಂದು ಕಂಡಿತು. ಬರೆದ ಸಿಸ್ಟರ್‌ಗಳಿಗೆ ಇದರ ಸುಳಿವೂ ಇರಲಿಲ್ಲ. ರಾತ್ರಿ ಮೂರು ಗಂಟೆಗೆ ತೂಕದ ಕಾಲಂ ಖಾಲಿ ಬಿಡಲು ಕೈ ಹೋದಾಗ ಅವರನ್ನು ನೆನೆಯಿರಿ.

3. ಮಾತ್ರೆ ಹೊಟ್ಟೆಗೆ ಹೋಯಿತೇ ಎಂದು ವಿಚಾರಿಸಿ
ತಾಯಿ ಕಾರ್ಡಿನಲ್ಲಿ ಕಬ್ಬಿಣದ ಮಾತ್ರೆ ಕೊಟ್ಟಿದ್ದಾಗಿ ಇರುತ್ತದೆ, ಎಚ್‌ಬಿ (ಹಿಮೋಗ್ಲೋಬಿನ್) ಮಾತ್ರ ಏರಿರುವುದಿಲ್ಲ. 'ಅದ್ನ ನುಂಗುದ್ರೆ ಕೂಸು ದಪ್ಪಾಯ್ತದೆ ಕನ ಡಾಕ್ಟ್ರಮ್ಮ, ಹೆರ್ಗೆ ಕಷ್ಟಾಯ್ತದೆ' ಎಂದು ಅತ್ತೆ ಹೇಳಿದರೆ ಗದರಬೇಡಿ. ಅವರ ಭಯ ಸೊಸೆಯ ಮೇಲಿನ ಅಕ್ಕರೆಯಿಂದಲೇ ಬಂದದ್ದು. ಅತ್ತೆಯನ್ನೇ ಕೂರಿಸಿಕೊಂಡು ಹೇಳಿ: ಕಾಫಿ-ಟೀ ಜೊತೆ ಬೇಡ, ನಿಂಬೆರಸದ ಜೊತೆ ಒಳ್ಳೆಯದು, ಮಲ ಕಪ್ಪಾದರೆ ಹೆದರಬೇಡಿ. ಗದ್ದೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ ಹೋಗುವ ಗರ್ಭಿಣಿಯರಿಗೆ ರಾತ್ರಿ ಊಟವಾದ ಮೇಲೆ ನುಂಗುವುದೇ ಸಲೀಸು.

4. ಒಪ್ಪಿಗೆ ಪತ್ರವನ್ನು ಓದಿ ಹೇಳಿ
ಅಧ್ಯಯನಕ್ಕೆ ಸೇರುವ ತಾಯಂದಿರು ಆಡುವ ಮಾತಿನಲ್ಲೇ ಹೇಳಿ. ನೋವು ಬಂದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಒಪ್ಪಿಗೆಯಲ್ಲ. ತಿಂಗಳ ತಪಾಸಣೆಗೆ ಬಂದಾಗಲೇ ಕೇಳಿ.

5. ಲೆಕ್ಕಕ್ಕೆ ಬಾರದ ಹೆಂಗಸನ್ನು ಹುಡುಕಿ
2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಮಾಡಿ ಹೆಣ್ಣುಭ್ರೂಣ ಪತ್ತೆಹಚ್ಚುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ! ನನ್ನ ಹೊಟ್ಟೆ ಉರಿಯಿತು. ಆ ಉರಿ ಇನ್ನೂ ಆರಿಲ್ಲ. ಕೂಸಿನ ಬೆಳವಣಿಗೆ ಅಳೆಯಲು ನಾವು ನೆಚ್ಚಿದ ಯಂತ್ರವದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ, ಗರ್ಭಿಣಿಯನ್ನು ಮನೆಯವರೇ ಬಲವಂತಪಡಿಸಿದ್ದಾರೆಂದು ಭಾವಿಸಿ ಹೊರಡುತ್ತದೆ. ನಾವೂ ಅಲ್ಲಿಂದಲೇ ಹೊರಡಬೇಕು. ಹೀಗೆ ಹೆಣ್ಣೆಂದು ತಿಳಿದು ಕದ್ದು ಗರ್ಭ ತೆಗೆಸಿಕೊಂಡವಳು ರಕ್ತ ಸೋರುತ್ತಲೋ ಜ್ವರದಲ್ಲೋ ಬಂದಾಗ 'ಹೊಟ್ಟೆನೋವು' ಎಂದಷ್ಟೇ ಹೇಳುತ್ತಾಳೆ, ಜೊತೆಯಲ್ಲಿ ಬಂದವರು ಅದನ್ನೂ ಹೇಳಗೊಡುವುದಿಲ್ಲ. ಮೊದಲು ಡ್ರಿಪ್ ಹಾಕಿ, ರಕ್ತವನ್ನು ಪರೀಕ್ಷೆಗೆ ಕಳಿಸಿ. ಆಮೇಲೆ ಗಂಡನನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ, ಪರದೆ ಎಳೆದು, ಅವಳೊಬ್ಬಳನ್ನೇ ಕೇಳಿ.