ಎರಡು ದಿರ್ಹಮ್, ಒಂದು ಕೊಡಲಿ

ಅನ್ಸಾರ್‌ಗಳ ಪೈಕಿ ಒಬ್ಬರು ಪ್ರವಾದಿಯವರ(ಸ) ಬಳಿಗೆ ಬಂದು ಸಹಾಯ ಯಾಚಿಸಿದರು. ಪ್ರವಾದಿವರ್ಯರು(ಸ) ಅವರನ್ನು ಗದರಲಿಲ್ಲ. ಮನೆಯಲ್ಲಿ ಏನಾದರೂ ಇದೆಯೇ ಎಂದು ವಿಚಾರಿಸಿದರು. ಅರ್ಧ ಹೊದ್ದು ಅರ್ಧ ಹಾಸಿಕೊಳ್ಳುವ ಒಂದು ಬಟ್ಟೆ ಮತ್ತು ನೀರು ಕುಡಿಯುವ ಒಂದು ಬಟ್ಟಲು ಇತ್ತು. ಅವೆರಡನ್ನೂ ತರಿಸಿ ಅಲ್ಲಿಯೇ ಏಲಂ ಮಾಡಿದರು. ಒಬ್ಬರು ಒಂದು ದಿರ್ಹಮ್ ಎಂದರು. ಹೆಚ್ಚು ಕೊಡುವವರು ಯಾರೆಂದು ಮತ್ತೆ ಮತ್ತೆ ಕೇಳಿದಾಗ ಇನ್ನೊಬ್ಬರು ಎರಡು ದಿರ್ಹಮ್ ಕೊಟ್ಟು ಕೊಂಡರು. ಒಂದು ದಿರ್ಹಮ್‌ನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ಅದಕ್ಕೆ ಕಾವನ್ನು ತಮ್ಮ ಕೈಯಾರೆ ಜೋಡಿಸಿಕೊಟ್ಟು, ಸೌದೆ ಕಡಿದು ಮಾರಬೇಕು, ಹದಿನೈದು ದಿನ ಇತ್ತ ಬರಬಾರದು ಎಂದು ಕಳುಹಿಸಿದರು. ಆ ಸಹಾಬಿ ಮರಳಿದಾಗ ಹತ್ತು ದಿರ್ಹಮ್ ಸಂಪಾದಿಸಿದ್ದರು.

ಅಬೂದಾವೂದ್‌ನಲ್ಲಿ ವರದಿಯಾಗಿರುವ ಈ ಘಟನೆಯನ್ನು ನಾವು ಹೆಚ್ಚಾಗಿ ಭಿಕ್ಷಾಟನೆಯ ಖಂಡನೆಗಾಗಿಯೇ ಹೇಳುತ್ತೇವೆ. ಆ ಎರಡು ದಿರ್ಹಮ್‌ಗಳು ಹಂಚಿಹೋದ ರೀತಿಯತ್ತ ನಮ್ಮ ಗಮನ ಹೋಗುವುದು ಕಡಿಮೆ.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಒಲೆ ಉರಿಯುವುದು ಗಲ್ಫ್‌ನ ಸಂಬಳದಿಂದ. 2011ರಲ್ಲಿ ಸೌದಿಯಲ್ಲಿ ನಿತಾಕಾತ್ ಬಂತು. ಸ್ವದೇಶಿ ನೌಕರರು ತೀರಾ ಕಡಿಮೆಯಿದ್ದ ಕಂಪೆನಿಗಳು ಕೆಂಪು ವರ್ಗಕ್ಕೆ ಸೇರಿದುವು, ಅಲ್ಲಿನ ವಿದೇಶೀಯರ ಪರವಾನಿಗೆಯ ನವೀಕರಣ ನಿಂತಿತು. 2016ರಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿಯ ಕೆಲಸ ಸೌದಿ ಪ್ರಜೆಗಳಿಗೇ ಮೀಸಲಾಯಿತು. 2017ರ ಜುಲೈಯಿಂದ ಜೊತೆಗಿರುವ ಮಡದಿ ಮಕ್ಕಳಿಗೆ ತಲಾ ತಿಂಗಳಿಗೆ 100 ರಿಯಾಲ್ ಶುಲ್ಕ ಬಿತ್ತು. 2020ರ ವೇಳೆಗೆ ಅದು 400 ಆಯಿತು. ಇವುಗಳಲ್ಲಿ ಯಾವುದೂ ಆ ದುಡಿಯುವವನ ತಪ್ಪಲ್ಲ. ಕೆಲಸ ಕಳಕೊಂಡು ಬಂದವನನ್ನು ಕೈಲಾಗದವನೆಂದು ಕಾಣುವ ನೆಂಟರಿಷ್ಟರು ಇದನ್ನು ತಿಳಿದಿರಬೇಕು.

ರಿಝ್ಕ್ ನೀಡುವವನು ಅಲ್ಲಾಹನು. ಕಫೀಲನೂ ಕಂಪೆನಿಯೂ ಅದು ಹರಿದುಬರುವ ಕಾಲುವೆಗಳು ಮಾತ್ರ. ಒಂದು ಕಾಲುವೆ ಬತ್ತಿದರೆ ಸತ್ಯವಿಶ್ವಾಸಿ ಎದೆಗುಂದುವುದಿಲ್ಲ. ಆದರೆ ಕೈಕಟ್ಟಿ ಕೂರುವುದಕ್ಕೆ ತವಕ್ಕುಲ್ ಎನ್ನುವುದಿಲ್ಲ. ಹ. ಯೂಸುಫರು(ಅ) ಈಜಿಪ್ಟಿನ ರಾಜನಲ್ಲಿ ಭಂಡಾರದ ಹೊಣೆ ಕೇಳಿದಾಗ ತಮ್ಮ ವಂಶವನ್ನಾಗಲಿ ಅನುಭವಿಸಿದ ಸೆರೆವಾಸವನ್ನಾಗಲಿ ಮುಂದಿಡಲಿಲ್ಲ. ತಾವು ಕಾಪಾಡಬಲ್ಲವರು ಮತ್ತು ಅರಿವುಳ್ಳವರು ಎಂದರು. ಅಮಾನತ್ತು ಮತ್ತು ಜ್ಞಾನ, ಎರಡೂ ಬೇಕು. ನಮ್ಮ ಹುಡುಗರಲ್ಲಿ ಮೊದಲನೆಯದಕ್ಕೆ ಅಷ್ಟೊಂದು ಕೊರತೆಯಿಲ್ಲ. ಎರಡನೆಯದಕ್ಕೆ ಇದೆ.

ಹತ್ತು ವರ್ಷ ಏಸಿ ರಿಪೇರಿ ಮಾಡಿದವನ ಕೈಯಲ್ಲಿ ಒಂದು ತುಂಡು ಪ್ರಮಾಣಪತ್ರ ಇರುವುದಿಲ್ಲ. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಏಸಿ ಮೆಕ್ಯಾನಿಕ್ ಮುಂತಾದವರ ಕಸುಬನ್ನು ಪರೀಕ್ಷಿಸುವ ಕ್ರಮವನ್ನು ಸೌದಿ ಸರಕಾರ 2021ರಲ್ಲೇ ಆರಂಭಿಸಿದೆ. ಹಾಗಾಗಿ ನೀವು ಈಗ ಕೆಲಸದಲ್ಲಿದ್ದರೆ ಅನುಭವಪತ್ರವನ್ನು ಇಂದೇ ಕೇಳಿ ಪಡೆಯಿರಿ, ಕಂಪೆನಿ ಮುಚ್ಚಿದ ಮೇಲೆ ಯಾರಲ್ಲಿ ಕೇಳುವಿರಿ? ರಜೆಯಲ್ಲಿ ಊರಿಗೆ ಬಂದಾಗ ಐಟಿಐಯಲ್ಲಿ ವಿಚಾರಿಸಿ. ಇದು ಕೊಡಲಿಯ ದಿರ್ಹಮ್.

ಇನ್ನು ಮನೆಯ ದಿರ್ಹಮ್. ಸೌದಿ ಕಾನೂನಿನಂತೆ ಕಂಪೆನಿಯೇ ಕೆಲಸದಿಂದ ಬಿಡಿಸಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ಅನಂತರದ ಪ್ರತಿ ವರ್ಷಕ್ಕೂ ಒಂದು ತಿಂಗಳ ಸಂಬಳ ಸಿಗುತ್ತದೆ. ಹತ್ತು ವರ್ಷ ದುಡಿದವನಿಗೆ ಏಳೂವರೆ ತಿಂಗಳ ಸಂಬಳ. ಈ ಹಣ ಊರು ತಲುಪುವ ಮೊದಲೇ ತಾರಸಿಗೋ ಮದುವೆಯ ಚಿನ್ನಕ್ಕೋ ಲೆಕ್ಕ ಬರೆದಾಗಿರುತ್ತದೆ. ಮತ್ತೊಂದು ಕೆಲಸ ಸಿಗುವ ತನಕ ಅಕ್ಕಿ, ಶಾಲೆಯ ಫೀಸು, ತಾಯಿಯ ಔಷಧಿ ಸಾಲವಿಲ್ಲದೆ ನಡೆಯಬೇಡವೇ? ಸಂಬಳ ನಿಂತ ಸುದ್ದಿಯನ್ನು ಮನೆಯಲ್ಲಿ ಮುಚ್ಚಿಟ್ಟು, ಗೆಳೆಯರಲ್ಲಿ ಸಾಲ ಮಾಡಿ ಎಂದಿನಷ್ಟೇ ಹಣ ಕಳುಹಿಸುವ ಗಂಡಂದಿರಿದ್ದಾರೆ. ಅದು ಪ್ರೀತಿ ನಿಜ. ಆದರೆ ವಿಷಯ ಗೊತ್ತಿದ್ದರೆ ಖರ್ಚು ಹಿಡಿಯಲು ಎಲ್ಲರಿಗಿಂತ ಮೊದಲು ಮುಂದಾಗುವವಳು ಆ ಮಡದಿಯೇ. ಅವಳಿಗೆ ಹೇಳಿರಿ.

ಕೊಡಲಿಗೆ ಕಾವು ಜೋಡಿಸಿದ ಕೈಗಳ ವಿಷಯ ಉಳಿಯಿತು. ಕೆಲಸ ಕಳಕೊಂಡು ಬಂದವನಿಗೆ ರಮಝಾನಿನಲ್ಲಿ ಒಂದು ಅಕ್ಕಿ ಕಿಟ್ ಕೊಟ್ಟರೆ ಒಂದು ದಿರ್ಹಮ್‌ನ ಕೆಲಸವಷ್ಟೇ ಆಗುತ್ತದೆ. ಝಕಾತಿಗೆ ಅರ್ಹನಾದವನಿಗೆ ವೆಲ್ಡಿಂಗ್ ಮೆಶಿನನ್ನೋ ಹೊಲಿಗೆ ಯಂತ್ರವನ್ನೋ ಅದರಿಂದಲೇ ಕೊಡಿಸುವ ಬಗ್ಗೆ ಮುಂದಿನ ಜಮಾಅತ್ ಸಭೆಯಲ್ಲಿ ಯಾರಾದರೂ ಪ್ರಸ್ತಾಪಿಸಬಹುದು. ಅದು ನೀವೇ ಏಕೆ ಆಗಬಾರದು?