ಬೋರ್ ಕೊರೆದರೆ ಎಣ್ಣೆ ಸಿಗತ್ತಾ?

ಕುಂದಲಹಳ್ಳಿಯ ಕಲಿಕಾ ಕೇಂದ್ರ. ಸಂಜೆ ಏಳು ಗಂಟೆ. ಮನೆಗೆಲಸ ಮುಗಿಸಿದವರು ಬಂದಿದ್ದಾರೆ. ಗಾರ್ಮೆಂಟ್ಸ್‌ನಿಂದ ನೇರ ಬಂದವರೂ ಇದ್ದಾರೆ. ಎಲ್ಲರೂ ಚಾಪೆಯ ಮೇಲೆ ಕೂತಿದ್ದಾರೆ. ಅಜ್ಜಿ ಮಾತ್ರ ಇನ್ನೂ ಬಂದಿಲ್ಲ. ಅಜ್ಜಿ ಒಂದು ದಿನವೂ ತಪ್ಪಿಸುವವರಲ್ಲ.

ಅರ್ಧ ಗಂಟೆ ತಡವಾಗಿ ಅಜ್ಜಿ ಬಂದರು. ಸೀರೆಯ ಮೇಲೆಲ್ಲ ಬಿಳಿ ಧೂಳು.

"ಯಾಕಜ್ಜಿ ತಡ?" ಎಂದರು ಟೀಚರ್.

"ವಠಾರಕ್ಕೆ ಬೋರ್ ಲಾರಿ ಬಂದೈತೆ ಟೀಚರಮ್ಮ. ಬೆಳಗ್ಗಿಂದ ಕೊರೀತಾವ್ರೆ. 1,200 ಅಡಿ ಆಯ್ತು. ಬರೀ ಧೂಳು. ಇನ್ನೂ 300 ಅಡಿ ಹೋಗೋಣ ಅಂತಾರೆ. ಅಡಿಗೆ ಇಷ್ಟು ಅಂತ ದುಡ್ಡು. ನನ್ನ ಸರ ಆಗಲೇ ಅಡವಿಗೆ ಹೋಗೈತೆ."

ಹಿಂದೆ ಕೂತಿದ್ದ ಒಬ್ಬಾಕೆ ನಗೆಯಾಡಿದಳು. "ಕೊರೀಲಿ ಬಿಡಜ್ಜಿ. ನೀರು ಸಿಗದಿದ್ರೆ ಪೆಟ್ರೋಲಾದ್ರೂ ಸಿಗತ್ತೆ. ಸಿಲಿಂಡರ್ ದುಡ್ಡು ಉಳೀತದೆ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

"ನಿಜವಾಗ್ಲೂ ಸಿಗತ್ತಾ ಟೀಚರಮ್ಮ?"

ಟೀಚರ್ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ಇವತ್ತು ಇದೇ ಪಾಠ" ಎಂದರು.

ಎಣ್ಣೆ ಎಲ್ಲಿಂದ ಬಂತು?

ಇಲ್ಲಿ ಎಣ್ಣೆ ಎಂದರೆ ಅಡುಗೆ ಎಣ್ಣೆ ಅಲ್ಲ. ನೆಲದಾಳದಿಂದ ಬರುವ ಕಚ್ಚಾ ಎಣ್ಣೆ. ಅದು ಕಪ್ಪಗೆ, ಮಂದವಾಗಿ ಇರುತ್ತದೆ. ಅದನ್ನು ಕಾಯಿಸಿ ಬೇರ್ಪಡಿಸಿದರೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬರುತ್ತವೆ. ನಮ್ಮ ಒಲೆಯ ಗ್ಯಾಸೂ ಬರುತ್ತದೆ.

ಕೋಟಿ ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿದ್ದವು. ಅವು ಸತ್ತು ತಳಕ್ಕೆ ಬಿದ್ದವು. ಮೇಲೆ ಕೆಸರು ಕೂತಿತು. ಕೆಸರಿನ ಮೇಲೆ ಮರಳು, ಮರಳಿನ ಮೇಲೆ ಮತ್ತೆ ಕೆಸರು. ಹೀಗೆ ಪದರ ಪದರವಾಗಿ ಕೂತು ಕಲ್ಲಾಯಿತು. ಮೇಲಿನ ಭಾರ, ಒಳಗಿನ ಬಿಸಿ ಸೇರಿ ಆ ಜೀವಿಗಳು ಎಣ್ಣೆಯಾದವು, ಅನಿಲವಾದವು.

ನೆಲದೊಳಗೆ ಎಣ್ಣೆಯ ಕೆರೆ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಸಾಂಬಾರಿನಲ್ಲಿ ನೆನೆದ ಇಡ್ಲಿ ನೋಡಿದ್ದೀರಲ್ಲ? ಸಾಂಬಾರು ಇಡ್ಲಿಯ ಸಣ್ಣ ಸಣ್ಣ ತೂತಿನಲ್ಲಿ ಸೇರಿರುತ್ತದೆ. ಎಣ್ಣೆಯೂ ಹಾಗೆಯೇ ಕಲ್ಲಿನ ತೂತುಗಳಲ್ಲಿ ಸೇರಿರುತ್ತದೆ. ಅದರ ಮೇಲೆ ತೂತಿಲ್ಲದ ಇನ್ನೊಂದು ಕಲ್ಲು ಮುಚ್ಚಳದ ಹಾಗೆ ಇರಬೇಕು. ಮುಚ್ಚಳ ಇಲ್ಲದಿದ್ದರೆ ಎಣ್ಣೆ ನಿಲ್ಲುವುದಿಲ್ಲ.

"ಲಾಲ್‌ಬಾಗಿನ ಬಂಡೆ ನೋಡಿದ್ದೀರಾ?" ಎಂದು ಟೀಚರ್ ಕೇಳಿದರು.

ನೋಡದವರು ಯಾರು? ಎಲ್ಲರೂ ಕೈ ಎತ್ತಿದರು.

"ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ನಮ್ಮ ಕುಂದಲಹಳ್ಳಿಯ ಕೆಳಗೂ ಅಂಥದ್ದೇ ಹಳೆಯ ಗಟ್ಟಿ ಬಂಡೆ. ಅದು ಸಮುದ್ರದ ಕೆಸರು ಕೂತು ಆದದ್ದಲ್ಲ. ಅದರಲ್ಲಿ ಇಡ್ಲಿಯ ಹಾಗೆ ತೂತೂ ಇಲ್ಲ. ಬಿರುಕು ಇದ್ದ ಕಡೆ ಮಾತ್ರ ಸ್ವಲ್ಪ ನೀರು. ಎಷ್ಟು ಆಳ ಕೊರೆದರೂ ಇಲ್ಲಿ ಪೆಟ್ರೋಲ್ ಸಿಗಲ್ಲ ಅಜ್ಜಿ."

ಹಾಗಾದರೆ ಎಲ್ಲಿ ಸಿಗುತ್ತದೆ?

ನಮ್ಮ ದೇಶದಲ್ಲಿ ಮೊದಲು ಸಿಕ್ಕಿದ್ದು ಅಸ್ಸಾಮಿನಲ್ಲಿ. ಕಾಡಿನಲ್ಲಿ ಮರ ಎಳೆಯುವ ಆನೆಯ ಕಾಲಿಗೆ ಎಣ್ಣೆ ಅಂಟಿತ್ತಂತೆ. ಅದನ್ನು ನೋಡಿ ಅಲ್ಲಿ ಅಗೆದರಂತೆ. ಇದು ಜನ ಹೇಳುವ ಕತೆ. ಆದರೆ 1889ರಲ್ಲಿ ಅಲ್ಲಿನ ಡಿಗ್‌ಬಾಯ್‌ನಲ್ಲಿ ಎಣ್ಣೆ ಸಿಕ್ಕಿದ್ದು ನಿಜ. 1901ರಲ್ಲಿ ಅಲ್ಲೇ ಎಣ್ಣೆ ಶುದ್ಧ ಮಾಡುವ ಕಾರ್ಖಾನೆಯೂ ಆಯಿತು.

1956ರಲ್ಲಿ ಸರ್ಕಾರ ಎಣ್ಣೆ ಹುಡುಕಲು ಒಂದು ಸಂಸ್ಥೆ ಮಾಡಿತು. ಅದೇ ಓಎನ್‌ಜಿಸಿ. ಗುಜರಾತಿನಲ್ಲಿ ಎಣ್ಣೆ ಸಿಕ್ಕಿತು. 1974ರಲ್ಲಿ ಮುಂಬೈ ಹತ್ತಿರದ ಸಮುದ್ರದಲ್ಲಿ ದೊಡ್ಡ ನಿಕ್ಷೇಪ ಸಿಕ್ಕಿತು. ಅದಕ್ಕೆ ಬಾಂಬೆ ಹೈ ಎಂದು ಹೆಸರಿಟ್ಟರು. ಈಗ ಮುಂಬೈ ಹೈ ಎನ್ನುತ್ತಾರೆ. 1976ರಿಂದ ಅಲ್ಲಿ ಎಣ್ಣೆ ತೆಗೆಯುತ್ತಿದ್ದಾರೆ. ಆಂಧ್ರದ ಗೋದಾವರಿ ಸಮುದ್ರ ಸೇರುವ ಕಡೆಯೂ ಇದೆ. ಅಲ್ಲಿ ಆಳ ಸಮುದ್ರದ ಹೊಸ ಬಾವಿಗಳಿಂದ 2024ರ ಜನವರಿಯಲ್ಲಿ ಎಣ್ಣೆ ಬರತೊಡಗಿತು.

ಕಂಪನಿಯ ಒಂದು ವರ್ಷದ ಕೆಲಸ

"ಅವರೂ ತೆಂಗಿನಕಾಯಿ ಕೈಯಲ್ಲಿ ಹಿಡ್ಕೊಂಡು ಪಾಯಿಂಟ್ ನೋಡ್ತಾರಾ?" ಎಂದರು ಅಜ್ಜಿ.

ಇಲ್ಲ. ಹಲಸಿನ ಹಣ್ಣನ್ನು ನಾವು ಹೇಗೆ ತಟ್ಟಿ ನೋಡುತ್ತೇವೆ? ಸದ್ದು ಕೇಳಿಯೇ ಹಣ್ಣಾಗಿದೆಯೋ ಕಾಯೋ ಎಂದು ಹೇಳುತ್ತೇವೆ. ಕಂಪನಿಯವರೂ ಭೂಮಿಯನ್ನು ತಟ್ಟುತ್ತಾರೆ. ನೆಲದಲ್ಲಿ ಸಣ್ಣ ಸಿಡಿಮದ್ದು ಸಿಡಿಸುತ್ತಾರೆ. ಇಲ್ಲವೇ ದೊಡ್ಡ ಲಾರಿಯಿಂದ ನೆಲವನ್ನು ಅದುರಿಸುತ್ತಾರೆ. ಆ ಅದುರು ಕೆಳಗೆ ಹೋಗಿ ಕಲ್ಲಿನ ಪದರಗಳಿಗೆ ಬಡಿದು ಮೇಲೆ ಬರುತ್ತದೆ. ಅದನ್ನು ಯಂತ್ರಗಳು ಬರೆದುಕೊಳ್ಳುತ್ತವೆ. ಅದರಿಂದ ಒಳಗಿನ ಪದರಗಳ ನಕ್ಷೆ ಮಾಡುತ್ತಾರೆ.

ನಕ್ಷೆ ನೋಡಿದ ಮೇಲೂ ಎಣ್ಣೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೊರೆದೇ ನೋಡಬೇಕು. 2 ಕಿಲೋಮೀಟರ್, 3 ಕಿಲೋಮೀಟರ್ ಆಳ ಕೊರೆಯುವುದುಂಟು. ನಮ್ಮ ಕುಂದಲಹಳ್ಳಿ ಗೇಟಿನಿಂದ ಮಾರತ್‌ಹಳ್ಳಿ ಸೇತುವೆಗೆ ನಡೆದಿದ್ದೀರಲ್ಲ? ಆ ದಾರಿಯನ್ನು ನೆಟ್ಟಗೆ ಕೆಳಕ್ಕೆ ಇಳಿಸಿದ ಹಾಗೆ. ಆಳ ಸಮುದ್ರದಲ್ಲಾದರೆ ಒಂದು ಬಾವಿಗೆ ನೂರಾರು ಕೋಟಿ ರೂಪಾಯಿ ಖರ್ಚು.

ಓಎನ್‌ಜಿಸಿ 2023-24ರಲ್ಲಿ ಒಟ್ಟು 541 ಬಾವಿ ಕೊರೆಯಿತು. ಅದರಲ್ಲಿ 103 ಬಾವಿ ಹುಡುಕುವುದಕ್ಕೆ. ಉಳಿದ 438 ಬಾವಿ, ಎಣ್ಣೆ ಇದೆ ಎಂದು ಗೊತ್ತಿರುವ ಕಡೆ ಅದನ್ನು ತೆಗೆಯುವುದಕ್ಕೆ. ಆ ವರ್ಷ ಹೊಸದಾಗಿ ಎಣ್ಣೆ ಅಥವಾ ಅನಿಲ ಸಿಕ್ಕಿದ್ದು 11 ಕಡೆ.

"103ಕ್ಕೆ 11ಏನಾ?" ಗಾರ್ಮೆಂಟ್ಸ್‌ನ ಹುಡುಗಿ ಸ್ಲೇಟಿನ ಮೇಲೆ ಬರೆದು ನೋಡಿದಳು. "ನಮ್ಮ ಬೋರ್‌ಗಿಂತ ಕಷ್ಟ ಅಲ್ವಾ?"

ಕಷ್ಟವೇ. ಆದರೂ ಪ್ರತಿ ವರ್ಷ ಹುಡುಕಲೇಬೇಕು. ಯಾಕೆ? ಎಣ್ಣೆ ಬಾವಿಯೂ ಬತ್ತುತ್ತದೆ. ಮಳೆ ಬಂದರೆ ನೀರಿನ ಬಾವಿ ತುಂಬಬಹುದು. ಎಣ್ಣೆ ಬಾವಿ ಮತ್ತೆ ತುಂಬುವುದಿಲ್ಲ. ಮುಂಬೈ ಹೈನಲ್ಲಿ 1980ರ ದಶಕದಲ್ಲಿ ಬಂದಷ್ಟು ಎಣ್ಣೆ ಈಗ ಬರುತ್ತಿಲ್ಲ. ಕಲ್ಲಿನಲ್ಲಿ ಉಳಿದ ಎಣ್ಣೆಯನ್ನು ತಳ್ಳಲು ಒಳಗೆ ನೀರು ತುಂಬುತ್ತಾರೆ. ಕಂಪನಿಗೆ ಹೊಸ ಜಾಗ ಹುಡುಕುವುದು ಒಂದು ಕೆಲಸ. ಹಳೆಯ ಬಾವಿ ಕಡಿಮೆಯಾಗದ ಹಾಗೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಎರಡನೆಯದೂ ಮೊದಲಿನಷ್ಟೇ ಕಷ್ಟ.

ಇಷ್ಟೆಲ್ಲ ಮಾಡಿದರೂ ನಮ್ಮ ದೇಶಕ್ಕೆ ಸಾಲುವುದಿಲ್ಲ. 100 ಲೀಟರ್ ಕಚ್ಚಾ ಎಣ್ಣೆ ಬೇಕಾದರೆ 85 ಲೀಟರಿಗೂ ಹೆಚ್ಚು ಹೊರದೇಶದಿಂದ ತರುತ್ತೇವೆ. ಅಡುಗೆ ಗ್ಯಾಸಿನಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ಎಲ್ಲೋ ದೂರದ ದೇಶದಲ್ಲಿ ಯುದ್ಧವಾದರೆ ನಮ್ಮ ಅಡುಗೆಮನೆಗೂ ಬಿಸಿ ತಟ್ಟುತ್ತದೆ.

ನಮ್ಮ ಬಂಡೆಯ ಉಪಯೋಗ

ಕರ್ನಾಟಕದಲ್ಲಿ ಎಣ್ಣೆ ತೆಗೆಯುವ ಬಾವಿ ಇಲ್ಲ. ಆದರೆ ಮಂಗಳೂರಿನಲ್ಲಿ ಎಣ್ಣೆ ಶುದ್ಧ ಮಾಡುವ ದೊಡ್ಡ ಕಾರ್ಖಾನೆ ಇದೆ. ಅದೇ ಎಂಆರ್‌ಪಿಎಲ್. 2003ರಿಂದ ಅದು ಓಎನ್‌ಜಿಸಿ ಕೈಯಲ್ಲಿದೆ. ಮಂಗಳೂರಿನಿಂದ ಹಾಸನದ ಮೇಲೆ ನೆಲದೊಳಗೆ ಒಂದು ಪೈಪು ಹಾಕಿದ್ದಾರೆ. ಉದ್ದ ಸುಮಾರು 360 ಕಿಲೋಮೀಟರ್. ಅದು ಬಂದು ಮುಟ್ಟುವುದು ಎಲ್ಲಿಗೆ ಗೊತ್ತೇ? ನಮ್ಮ ವೈಟ್‌ಫೀಲ್ಡ್ ಆಚೆಯ ದೇವನಗೊಂದಿಗೆ. ಪೆಟ್ರೋಲ್, ಡೀಸೆಲ್ ಟ್ಯಾಂಕರ್ ಲಾರಿಗಳು ಅಲ್ಲಿಂದಲೇ ಹೊರಡುತ್ತವೆ.

ಇನ್ನೊಂದು ಮಾತು ಕೇಳಿ. ನಮ್ಮ ಗಟ್ಟಿ ಬಂಡೆಯಲ್ಲಿ ಎಣ್ಣೆ ಹುಟ್ಟಲಿಲ್ಲ. ಆದರೆ ಎಣ್ಣೆ ಕೂಡಿಡಲು ಅಂಥ ಬಂಡೆಯೇ ಬೇಕು! ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಬಂಡೆ ಕೊರೆದು ನೆಲದೊಳಗೆ ದೊಡ್ಡ ಗುಹೆಗಳನ್ನು ಮಾಡಿದ್ದಾರೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುತ್ತದೆ. ಹೊರಗಿನಿಂದ ಬರುವುದು ನಿಂತರೆ ಇರಲಿ ಎಂದು ಈ ಏರ್ಪಾಡು. ನಾವು ಡಬ್ಬಿಯಲ್ಲಿ ಅಕ್ಕಿ ಕೂಡಿಟ್ಟ ಹಾಗೆ.

ಅಪಾಯವೂ ಇದೆ

ಒಳಗಿನ ಅನಿಲ ಭಾರೀ ಒತ್ತಡದಲ್ಲಿ ಇರುತ್ತದೆ. ಕುಕ್ಕರ್ ಮುಚ್ಚಳ ಹಾರಿದ ಹಾಗೆ ಬಾವಿಯೂ ಸಿಡಿಯಬಹುದು. 1995ರ ಜನವರಿಯಲ್ಲಿ ಆಂಧ್ರದ ಪಾಸರ್ಲಪೂಡಿಯಲ್ಲಿ ಹೀಗಾಯಿತು. ಬೆಂಕಿ ಎರಡು ತಿಂಗಳು ಉರಿಯಿತು. 2020ರಲ್ಲಿ ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ಬಾವಿ ಸಿಡಿದು ಬೆಂಕಿ ಹತ್ತಿತು. ಬೆಂಕಿ ಆರಿಸಲು ಹೋದ ಇಬ್ಬರು ಸತ್ತರು. ಸಾವಿರಾರು ಜನ ಮನೆ ಬಿಟ್ಟು ಹೋದರು. ಬಾವಿಯನ್ನು ಹತೋಟಿಗೆ ತರಲು ಐದು ತಿಂಗಳಿಗೂ ಹೆಚ್ಚು ಹಿಡಿಯಿತು. ಎಣ್ಣೆಯ ಬೆಲೆ ಹೇಳುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಜ್ಜಿ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಕೊರೆದು ಏನೂ ಸಿಗದಿದ್ರೆ ಆ ಕಂಪ್ನಿಯೋರು ಏನ್ಮಾಡ್ತಾರೆ?"

"ಎಷ್ಟು ಆಳ ಹೋಗಬೇಕು, ಎಷ್ಟು ದುಡ್ಡು ಹಾಕಬೇಕು ಅಂತ ಮೊದಲೇ ಗೊತ್ತು ಮಾಡಿಕೊಂಡಿರ್ತಾರೆ ಅಜ್ಜಿ. ಕೊರೆಯುವಾಗ ಬರುವ ಕಲ್ಲಿನ ಚೂರು ನೋಡ್ತಾ ಹೋಗ್ತಾರೆ. ಇಲ್ಲ ಅಂತ ಗೊತ್ತಾದರೆ ನಿಲ್ಲಿಸ್ತಾರೆ. ಆಮೇಲೆ ಬಾವಿಗೆ ಸಿಮೆಂಟ್ ಹಾಕಿ ಮುಚ್ಚಿಬಿಡ್ತಾರೆ. ತೆರೆದು ಬಿಡೋ ಹಾಗಿಲ್ಲ."

"ನಮ್ಮ ಬೋರು? ಇನ್ನೂ 300 ಅಡಿ?"

"ನೀರು ಸಿಗಲ್ಲ ಅಂತ ನಾನು ಹೇಗೆ ಹೇಳಲಿ? ಆದರೆ ಇಂಥ ಬಂಡೆಯಲ್ಲಿ ಆಳಕ್ಕೆ ಹೋದ ಹಾಗೆ ಬಿರುಕು ಕಡಿಮೆ ಆಗ್ತವೆ. ಅಡಿಗೆ ಇಷ್ಟು ಅಂತ ಲಾರಿಯವರಿಗೆ ದುಡ್ಡು ಬರತ್ತೆ. ನೀರು ಬಂದರೂ ಬರದಿದ್ದರೂ ಬರತ್ತೆ."

ಅಜ್ಜಿ ಎದ್ದರು. ಸೀರೆಯ ಧೂಳು ಕೊಡವಿದರು.

"ಆ ತೂತು ಮುಚ್ಚಿಸಬೇಕು ಅಂದ್ರಲ್ಲ. ವಠಾರದ ತುಂಬ ಮಕ್ಕಳವ್ರೆ."

ಹೌದು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಒಂದು ಪುಟ್ಟ ಮಗು ಮುಚ್ಚದ ಕೊಳವೆ ಬಾವಿಗೆ ಬಿತ್ತು. ಸುಮಾರು 20 ಗಂಟೆ ಕಷ್ಟಪಟ್ಟು ಅದನ್ನು ಜೀವಂತ ತೆಗೆದರು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರಲಿಲ್ಲ.

ಟೀಚರ್ ಒಂದು ಚೀಟಿ ಕೊಟ್ಟರು. ಅಜ್ಜಿ ಅದರ ಮೇಲೆ ತಾವೇ ಬರೆದರು. ಅಕ್ಷರ ಸ್ವಲ್ಪ ಸೊಟ್ಟ. ಆದರೆ ತಪ್ಪಿಲ್ಲ.

"1,200 ಅಡಿಗೆ ನಿಲ್ಲಿಸಿ. ಬಾಯಿ ಮುಚ್ಚಿ ಹೋಗಿ. ಆಮೇಲೆ ದುಡ್ಡು."

ಗಾರ್ಮೆಂಟ್ಸ್‌ನ ಹುಡುಗಿ ಜೊತೆಗೆ ಹೊರಟಳು. ಅಷ್ಟು ಹೊತ್ತಿನಲ್ಲಿ ಅಜ್ಜಿ ಒಬ್ಬರೇ ಹೋಗುವುದು ಬೇಡ ಎಂದು.

ಓದಿ ಹೇಳಿ

ಎಣ್ಣೆ ಬಾವಿ ಬತ್ತಿದರೆ ಯಾಕೆ ಮತ್ತೆ ತುಂಬುವುದಿಲ್ಲ?

541ರಲ್ಲಿ 103 ಕಳೆದರೆ ಎಷ್ಟು? ಪಾಠದಲ್ಲಿ ಆ ಸಂಖ್ಯೆ ಎಲ್ಲಿದೆ? ಹುಡುಕಿ, ಗೆರೆ ಎಳೆಯಿರಿ.

ನಿಮ್ಮ ಬೀದಿಯಲ್ಲಿ ನೀರಿಲ್ಲದ ಕೊಳವೆ ಬಾವಿ ಇದೆಯೇ? ಅದರ ಬಾಯಿ ಮುಚ್ಚಿದೆಯೇ? ನಾಳೆ ನೋಡಿ ಬನ್ನಿ. ಮುಚ್ಚಿಲ್ಲದಿದ್ದರೆ ಅದು ಎಲ್ಲಿದೆ ಎಂದು ಒಂದು ಸಾಲು ಬರೆದು ತನ್ನಿ.