ಹೊಗೆ ಹೋದರೆ ಉಸಿರು ಹಗುರ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಬೆಳಗಿನ ಹೊತ್ತು. ಅಡುಗೆಮನೆ ತುಂಬ ಹೊಗೆ. ಸೊಸೆ ಒಲೆ ಊದುತ್ತಿದ್ದಾಳೆ. ಪಕ್ಕದಲ್ಲಿ ಮಗು ಕೆಮ್ಮುತ್ತಿದೆ. ಆಗ ಆಶಾ ಅಕ್ಕ ಬಂದರು.

“ಮಗೂಗೆ ಎಷ್ಟು ದಿನದಿಂದ ಕೆಮ್ಮು?”

“ವಾರ ಆಯ್ತು ಕಣಕ್ಕ. ಔಷಧಿ ಕೊಟ್ರೆ ಕಮ್ಮಿ ಆಗ್ತದೆ, ಮತ್ತೆ ಬರ್ತದೆ.”

“ಹೊಗೇಲಿ ಕೂರಿಸಿದ್ರೆ ಹೆಂಗಮ್ಮ ವಾಸಿ ಆಗೋದು?”

“ನಮ್ಮ ಕಾಲದಿಂದ್ಲೂ ಇದೇ ಒಲೆ. ನಮಗೇನಾಗಿದೆ?” ಅಂದರು ಅತ್ತೆ. ಹಾಗೆ ಅಂದವರಿಗೇ ಕೆಮ್ಮು ಬಂತು.

ಆಶಾ ಅಕ್ಕ ತಿಳಿಸಿ ಹೇಳಿದರು. ಹೊಗೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಕಣಗಳಿವೆ. ಅವು ಶ್ವಾಸಕೋಶದ ಒಳಗೆ ಇಳಿಯುತ್ತವೆ. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ದಮ್ಮು, ಹೃದಯದ ಕಾಯಿಲೆ, ಲಕ್ವ ಬರಬಹುದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನ ಸತ್ತರು. ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಲೆಕ್ಕ ಹಾಕಿದೆ.

ಹೊಗೆ ಮನೆಯಿಂದ ಹೊರಗೆ ಹೋದರೂ ತೊಂದರೆ ತಪ್ಪದು. ಅದರಲ್ಲಿರುವ ಕೆಲವು ಅನಿಲಗಳು ಭೂಮಿಗೆ ಕಂಬಳಿ ಹೊದಿಸಿದಂತೆ ಬಿಸಿ ಹಿಡಿಯುತ್ತವೆ. ಬಿಸಿಲಿನ ಝಳ ಹೆಚ್ಚುತ್ತದೆ. ಗದ್ದೆಯಲ್ಲಿ ದುಡಿಯುವವರು ಬಳಲುತ್ತಾರೆ. ಹೊಗೆ ಕಡಿಮೆಯಾದರೆ ಎದೆಗೂ ಒಳ್ಳೆಯದು, ಭೂಮಿಗೂ ಒಳ್ಳೆಯದು.

“ಸಿಲಿಂಡರ್ ಐತೆ ಕಣವ್ವ. ದುಡ್ಡು ಹೊಂದಿಸೋಕೆ ಆಗದೆ ಮೂಲೇಲಿ ಇಟ್ಟಿದ್ದೀವಿ” ಅಂದರು ಅತ್ತೆ.

“ಹಿತ್ತಲಲ್ಲಿ ಮೂರು ದನ ಇವೆಯಲ್ಲ? ದಿನಕ್ಕೆ ಸುಮಾರು 25 ಕೆ.ಜಿ. ಸಗಣಿ ಸಿಕ್ಕಿದ್ರೆ ಸಣ್ಣ ಗೋಬರ್ ಗ್ಯಾಸ್ ನಡೀತದೆ. ಅಷ್ಟೇ ನೀರು ಸೇರಿಸಿ ಕಲಸಿ ಹಾಕಬೇಕು. ಸೌದೆ ಖರ್ಚು ಕಮ್ಮಿ ಆಗ್ತದೆ. ಬಗ್ಗಡ ಹೊಲಕ್ಕೆ ಗೊಬ್ಬರ.”

ನಾಗಮಂಗಲದ ಪಕ್ಕ ಕುಣಿಗಲ್ ತಾಲ್ಲೂಕು. ಅಲ್ಲಿ ಪುರ ಎಂಬ ಹಳ್ಳಿಯಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಕಟ್ಟಿದರು. ಜನ ಸಗಣಿ ತಂದು ಕೊಟ್ಟರು. ಆ ಗ್ಯಾಸಿನಿಂದ ಎಂಜಿನ್ ಓಡಿತು. ಮನೆಗೆ ದೀಪ ಬಂತು, ಕುಡಿಯುವ ನೀರು ಬಂತು. ಎಲ್ಲರೂ ಕೂಡಿದ್ದರಿಂದ ಆದ ಕೆಲಸ ಅದು.

ಹೊಲದ ಹೊಗೆಯನ್ನೂ ತಡೆಯಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಕಡೆ ಕಬ್ಬು ಬೆಳೆಯುತ್ತಾರೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕಬೇಡಿ. ಸಾಲಿನ ನಡುವೆ ಹರಡಿ. ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಕೊಳೆತರೆ ಗೊಬ್ಬರ.

“ಅಲ್ಲಿವರೆಗೂ ಏನು ಮಾಡದು?” ಸೊಸೆ ಕೇಳಿದಳು.

“ಒಣಗಿದ ಸೌದೆ ಉರಿಸು. ಕಿಟಕಿ ತೆಗೆದಿಡು. ಹೊಗೆ ಕೊಳವೆ ಇರೋ ಒಲೆ ಹಾಕಿಸಿದ್ರೆ ಇನ್ನೂ ಒಳ್ಳೇದು. ಮಗೂನ ಒಲೆ ಹತ್ರ ಬಿಡಬೇಡ. ಉಸಿರು ಜೋರಾದ್ರೆ, ಪಕ್ಕೆ ಒಳಕ್ಕೆ ಸೆಳೆದ್ರೆ, ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.”

ಅತ್ತೆ ಮಾತಾಡಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಗೆ ಜಗಲಿಗೆ ಹೋದರು.

ಓದಿದಿರಾ? ಈಗ ಯೋಚಿಸಿ, ಹೇಳಿ:
1. ಅತ್ತೆಗೆ ಯಾಕೆ ಕೆಮ್ಮು ಬಂತು?
2. ಕಬ್ಬಿನ ತರಗನ್ನು ನಿಮ್ಮೂರಲ್ಲಿ ಏನು ಮಾಡುತ್ತಾರೆ?
3. ನಿಮ್ಮ ಮನೆಯ ಹೊಗೆ ಕಡಿಮೆ ಮಾಡಲು ನಾಳೆ ಏನು ಮಾಡುತ್ತೀರಿ? ಒಂದು ಸಾಲು ಬರೆಯಿರಿ.